ಯು0100, ಯು0121 ಬಂದರೆ ಇಸಿಯು ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಮಳೆ ಬಂದ ದಿನ ಎಬಿಎಸ್ (ಬ್ರೇಕ್), ಸ್ಟೀರಿಂಗ್, ಏರ್‌ಬ್ಯಾಗ್ ದೀಪಗಳು ಒಟ್ಟಿಗೇ ಹತ್ತುತ್ತವೆ, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ, ಒಮ್ಮೊಮ್ಮೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಸ್ಕ್ಯಾನರ್‌ನಲ್ಲಿ ಯು0100 ಮತ್ತು ಯು0121 ಎಂಬ ದೋಷದ ಕೋಡುಗಳು ಬಂದಿವೆ, ಗ್ಯಾರೇಜಿನವರು ಇಂಜಿನ್ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ ಅನ್ನುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ಇಸಿಯು ಆರ್ಡರ್ ಮಾಡಬೇಡಿ. ಹಲವು ದೀಪ ಒಟ್ಟಿಗೆ ಹತ್ತಿ ಒಟ್ಟಿಗೆ ಆರುವ ತೊಂದರೆಗೆ ಹೆಚ್ಚಿನ ಸಲ ಕಾರಣ ವೈರು, ಕನೆಕ್ಟರು, ಅರ್ತು, ಇಲ್ಲವೇ ಆಮೇಲೆ ಹಾಕಿಸಿದ ಯಾವುದೋ ಆಕ್ಸೆಸರಿ.

ಮೊದಲು ಕೋಡನ್ನು ಸರಿಯಾಗಿ ಓದಬೇಕು. ಇಂಜಿನ್, ಎಬಿಎಸ್, ಏರ್‌ಬ್ಯಾಗ್ ಹೀಗೆ ಒಂದೊಂದಕ್ಕೂ ಒಂದು ಪುಟ್ಟ ಕಂಪ್ಯೂಟರ್ (ಮಾಡ್ಯೂಲ್) ಇರುತ್ತದೆ, ಇವೆಲ್ಲ ಕ್ಯಾನ್ ಎಂಬ ಜೋಡಿ ವೈರಿನ ಲೈನಿನಲ್ಲಿ ಒಂದಕ್ಕೊಂದು ಮಾತಾಡುತ್ತವೆ. ಯು0100 ಅಂದರೆ ಇಂಜಿನ್ ಇಸಿಯು ಮಾತು ಕೇಳಿಸುತ್ತಿಲ್ಲ, ಯು0121 ಅಂದರೆ ಎಬಿಎಸ್ ಮಾತು ಕೇಳಿಸುತ್ತಿಲ್ಲ. ಇದು ದೂರು, ತೀರ್ಪಲ್ಲ. ದೂರು ಕೊಟ್ಟ ಮಾಡ್ಯೂಲ್ ಯಾವುದು ಅನ್ನುವುದೇ ಮುಖ್ಯ. ಅಗ್ಗದ ಇಎಲ್‌ಎಂ327 ಅಡಾಪ್ಟರು (ಮೊಬೈಲಿಗೆ ಕೋಡ್ ಕಳಿಸುವ ಪ್ಲಗ್), ಸಾಮಾನ್ಯ ಆಪ್ ಇಟ್ಟುಕೊಂಡರೆ ಹೆಚ್ಚಾಗಿ ಇಂಜಿನ್ ಕೋಡ್ ಮಾತ್ರ ಸಿಗುತ್ತದೆ. ಎಲ್ಲ ಮಾಡ್ಯೂಲ್ ಓದುವ ಸ್ಕ್ಯಾನರ್ ಬೇಕು. ಯಾರು ಉತ್ತರಿಸುತ್ತಾರೆ, ಯಾರು ಇಲ್ಲ, ಯಾರು ಯಾರ ಬಗ್ಗೆ ದೂರಿದ್ದಾರೆ, ಮೂರನ್ನೂ ಕಾಗದದ ಮೇಲೆ ಬರೆಯಿರಿ. ಒಂದೇ ಮಾಡ್ಯೂಲ್ ಮೌನವಾಗಿದ್ದರೆ ಅದರ ಫ್ಯೂಸು, ಅರ್ತು, ಅದಕ್ಕೆ ಹೋಗುವ ಕವಲು ವೈರು ನೋಡಿ. ಎಲ್ಲವೂ ಮೌನವಾಗಿದ್ದರೆ ಮುಖ್ಯ ಜೋಡಿ ವೈರಿನಲ್ಲೇ ಶಾರ್ಟ್ ಇದೆ, ಅಥವಾ ಯಾವುದೋ ಒಂದು ಮಾಡ್ಯೂಲ್ ಇಡೀ ಲೈನನ್ನು ಎಳೆದು ಹಿಡಿದಿದೆ. ನಿಮ್ಮಲ್ಲಿ ಇಂಜಿನ್, ಎಬಿಎಸ್ ಎರಡೂ ಒಟ್ಟಿಗೆ ಮಾಯವಾಗುತ್ತಿವೆ. ಹಾಗಾಗಿ ಎರಡಕ್ಕೂ ಸಮಾನವಾದದ್ದನ್ನು ಹುಡುಕಿ: ಬಾನೆಟ್ ಕಡೆಯ ಹಾರ್ನೆಸ್ (ವೈರುಗಳ ಕಟ್ಟು), ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹತ್ತಿರದ ಕನೆಕ್ಟರ್, ಬ್ಯಾಟರಿ ಬಳಿಯ ಅರ್ತ್ ಬೋಲ್ಟ್.

ಬ್ಯಾಟರಿ ಸೋತಿದ್ದರೂ ಯು ಕೋಡ್ ಬರುತ್ತವೆ. ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಮೊದಲು ಅದನ್ನು ಸರಿಮಾಡಿ, ಕೋಡ್ ಅಳಿಸಿ, ಮತ್ತೆ ಬರುತ್ತದೆಯೇ ನೋಡಿ.

ಇನ್ನು ರೆಸಿಸ್ಟೆನ್ಸ್. ಕೀ ತೆಗೆದು, ಬ್ಯಾಟರಿ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷ ಬಿಡಿ. ಕರೆಂಟ್ ಇರುವಾಗ ಓಮ್ ಅಳೆದರೆ ಬರುವ ಅಂಕಿ ಸುಳ್ಳು. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸುವ ಒಬಿಡಿ ಸಾಕೆಟ್‌ನಲ್ಲಿ 6ನೇ ಪಿನ್ ಕ್ಯಾನ್ ಹೈ, 14ನೇ ಪಿನ್ ಕ್ಯಾನ್ ಲೋ, ಅಂದರೆ ಆ ಜೋಡಿಯ ಎರಡು ವೈರು. ಇವೆರಡರ ನಡುವೆ ಸುಮಾರು 60 ಓಮ್ ಬರಬೇಕು, ಏಕೆಂದರೆ ಲೈನಿನ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. 120 ಬಂದರೆ ಒಂದು ತುದಿ ಕಡಿದುಹೋಗಿದೆ. 40ರ ಹತ್ತಿರ ಬಂದರೆ ಯಾರೋ ಮೂರನೇ ರೆಸಿಸ್ಟರ್ ಸೇರಿಸಿದ್ದಾರೆ, ಜಿಪಿಎಸ್ ಟ್ರ್ಯಾಕರ್ ಅಥವಾ ಸ್ಟೀರಿಯೋ ಜೊತೆ ಬಂದ ಕ್ಯಾನ್ ಡಬ್ಬಿ ನೋಡಿ. ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಾಗಿವೆ.

60 ಬಂತು, ವೈರಿಂಗ್ ಚೆನ್ನಾಗಿದೆ ಅಂತ ಇಲ್ಲಿಗೇ ನಿಲ್ಲಿಸುವವರು ಬಹಳ. ಒಂದು ವೈರು ಬಾಡಿಗೆ ತಾಗಿದ್ದರೂ 60 ಬರುತ್ತದೆ, ನಡುವಿನ ಕವಲು ಕಡಿದಿದ್ದರೂ 60 ಬರುತ್ತದೆ. ಆದ್ದರಿಂದ 6 ಮತ್ತು 4, 14 ಮತ್ತು 4 ನಡುವೆಯೂ ಅಳೆಯಿರಿ. 4ನೇ ಪಿನ್ ಬಾಡಿ ಅರ್ತ್. ಅಲ್ಲಿ ಸಾವಿರಗಟ್ಟಲೆ ಓಮ್ ಇರಬೇಕು. ಹೊಸ ಗಾಡಿಗಳಲ್ಲಿ ಸಾಕೆಟ್ಟಿಗೂ ಒಳಗಿನ ಲೈನಿಗೂ ನಡುವೆ ಗೇಟ್‌ವೇ ಮಾಡ್ಯೂಲ್ (ಸಂದೇಶ ದಾಟಿಸುವ ನಡುವಿನ ಕಂಪ್ಯೂಟರ್) ಇದ್ದರೆ ಸಾಕೆಟ್ಟಿನ ಅಳತೆ ಅಲ್ಲಿಯವರೆಗಿನ ಕಥೆ ಮಾತ್ರ ಹೇಳುತ್ತದೆ. ಆಗ ವೈರಿಂಗ್ ಡಯಾಗ್ರಾಂ ನೋಡಿ ಆಯಾ ಮಾಡ್ಯೂಲಿನ ಕನೆಕ್ಟರ್ ಹಿಂಬದಿಯಿಂದಲೇ ಅಳೆಯಬೇಕು. ವೈರಿಗೆ ಸೂಜಿ ಚುಚ್ಚಬೇಡಿ. ಆ ತೂತಿನಿಂದಲೇ ಮುಂದಿನ ಮಳೆಗಾಲದಲ್ಲಿ ನೀರು ಒಳಹೊಗುತ್ತದೆ.

ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಅರ್ತಿಗೆ ಹೋಲಿಸಿ ವೋಲ್ಟೇಜ್ ನೋಡಿ. ಲೈನ್ ಸುಮ್ಮನಿರುವಾಗ ಎರಡೂ ವೈರು 2.5ರಲ್ಲಿರುತ್ತವೆ, ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಮಲ್ಟಿಮೀಟರ್ ತೋರಿಸುವುದು ಸರಾಸರಿ, ಹಾಗಾಗಿ ಹೈ 2.6-2.7, ಲೋ 2.3-2.4 ಕಾಣುತ್ತದೆ. ಎರಡರ ಮೊತ್ತ 5ರ ಹತ್ತಿರ ಇರಬೇಕು. ಎರಡೂ ಕದಲದೆ 2.5ರಲ್ಲೇ ನಿಂತಿದ್ದರೆ ಯಾರೂ ಮಾತಾಡುತ್ತಿಲ್ಲ, ಅಥವಾ ಜೋಡಿ ಒಂದಕ್ಕೊಂದು ತಾಗಿದೆ. ಹೈ ಸೊನ್ನೆಯಾಗಿದ್ದರೆ ಅರ್ತಿಗೆ ತಾಗಿದೆ. 12ರ ಕಡೆ ಹೋದರೆ ಬ್ಯಾಟರಿ ವೈರಿಗೆ ತಾಗಿದೆ.

ಮೀಟರ್ ಹಾಗೇ ಇಟ್ಟು ಒಬ್ಬರು ಹಾರ್ನೆಸ್ ಅಲ್ಲಾಡಿಸಲಿ, ಇನ್ನೊಬ್ಬರು ಅಂಕಿ ನೋಡಲಿ. ನಂತರ ಮೊದಲು ಆಕ್ಸೆಸರಿಗಳನ್ನು, ಆಮೇಲೆ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಬನ್ನಿ. ಪ್ರತಿ ಸಲ ಬಿಚ್ಚುವ ಮುಂಚೆ ಕೀ ಆಫ್. ಒಂದನ್ನು ಬಿಚ್ಚಿದೊಡನೆ ಲೈನ್ ಜೀವ ಪಡೆದರೆ ತಪ್ಪು ಆ ಮಾಡ್ಯೂಲಿನಲ್ಲಿ ಅಥವಾ ಅದರ ಕವಲಿನಲ್ಲಿದೆ. ತುದಿಯ ರೆಸಿಸ್ಟರ್ ಇರುವ ಮಾಡ್ಯೂಲ್ ಬಿಚ್ಚಿ, ಬ್ಯಾಟರಿ ತೆಗೆದು ಓಮ್ ಅಳೆದರೆ 60 ಹೋಗಿ 120 ಆಗುವುದು ಸಹಜ, ಗಾಬರಿ ಬೇಡ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿಗೆ ಮಾತ್ರ ಓಮ್ ಮೀಟರ್ ಹಚ್ಚಲೇಬೇಡಿ.

ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆಯೇ? ಅದಕ್ಕೂ ಕಾರಣವಿದೆ. ಪ್ರತಿ ಮಾಡ್ಯೂಲ್ ತಾನು ಕಳಿಸಿದ ಸಂದೇಶ ಕೆಟ್ಟಾಗಲೆಲ್ಲ ಲೆಕ್ಕ ಏರಿಸಿಕೊಳ್ಳುತ್ತದೆ, ಲೆಕ್ಕ 255 ದಾಟಿದರೆ ತಾನಾಗಿ ಲೈನಿನಿಂದ ಹೊರಗುಳಿಯುತ್ತದೆ. ಮತ್ತೆ ಆನ್ ಮಾಡಿದಾಗ ಲೆಕ್ಕ ಹೊಸದಾಗಿ ಶುರು. ಇದನ್ನು ನೋಡಿ ಇಸಿಯು ಹ್ಯಾಂಗ್ ಆಗುತ್ತಿದೆ ಅಂದುಕೊಳ್ಳುತ್ತಾರೆ.

ಮಳೆಯಲ್ಲಿ ಮಾತ್ರ ಬರುವುದರಿಂದ ವೈಪರ್ ಕೆಳಗಿನ ನೀರಿನ ದಾರಿ ಎಲೆ ಕಟ್ಟಿಕೊಂಡಿದೆಯೇ, ಹಾರ್ನೆಸ್ ಒಳಹೋಗುವ ರಬ್ಬರ್ ಸರಿಯಿದೆಯೇ, ಮುಂದಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿದೆಯೇ ನೋಡಿ. ಎಬಿಎಸ್ ಕನೆಕ್ಟರ್ ತೆಗೆದು ಹಸಿರು ಕಿಲುಬು ಹುಡುಕಿ. ಇಲಿ ಕಡಿದ ಗುರುತನ್ನೂ ನೋಡಿ. ಇಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ, ಮಾಡ್ಯೂಲಿನ ಅರ್ತ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಉಜ್ಜಿ, ಬಿಗಿಮಾಡಿ.

ವೈರು ಜೋಡಿಸುವಾಗ ಎರಡು ವೈರು ಒಂದಕ್ಕೊಂದು ಸುತ್ತಿಕೊಂಡಿದ್ದ ಹೆಣಿಗೆಯನ್ನು ಆದಷ್ಟು ಉಳಿಸಿ, ಎರಡು ಜೋಡಣೆಗಳನ್ನು ಅಕ್ಕಪಕ್ಕ ಬರದಂತೆ ಹಿಂದುಮುಂದು ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ಹಾಕಿ. ಬರೀ ಇನ್ಸುಲೇಷನ್ ಟೇಪ್ ಸುತ್ತಿದರೆ ಬಾನೆಟ್ ಬಿಸಿಗೆ ಬಿಚ್ಚಿಕೊಳ್ಳುತ್ತದೆ.

ಇಸಿಯು ಕಡೆ ಬೆರಳು ತೋರಿಸಬೇಕಾದರೆ ಅದರ ಸಪ್ಲೈ ಮತ್ತು ಅರ್ತ್ ಪಿನ್ನುಗಳ ನಡುವೆ 21 ವಾಟ್ ಬಲ್ಬ್ ಪೂರ್ತಿ ಉರಿಯಬೇಕು, ಅದರ ಕನೆಕ್ಟರಿನಲ್ಲೇ ಕ್ಯಾನ್ ವೋಲ್ಟೇಜ್ ಸರಿ ಬರಬೇಕು, ಆಗಲೂ ಅದು ಉತ್ತರ ಕೊಡಬಾರದು. ಬೇರೆ ಗಾಡಿಯ ಹಳೆಯ ಇಸಿಯು ತಂದು ಹಾಕಿದರೆ ಇಮ್ಮೊಬಿಲೈಸರ್ (ಕೀ ಗುರುತಿಸುವ ಕಳವು ತಡೆ) ಕೋಡಿಂಗ್ ಆಗದೆ ಸಾಮಾನ್ಯವಾಗಿ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅದಕ್ಕೂ ಬೇರೆ ಖರ್ಚು.

6-14ರ ಓಮ್, ಎರಡು ಪಿನ್ನಿನ ವೋಲ್ಟೇಜ್, ಯಾವ ಮಾಡ್ಯೂಲ್ ಉತ್ತರಿಸುತ್ತಿಲ್ಲ ಎಂಬುದನ್ನು ಗಾಡಿಯ ಮಾಡೆಲ್, ವರ್ಷದ ಜೊತೆ ಇಲ್ಲೇ ಹಾಕಿ. ತೊಂದರೆ ಇರುವಾಗಲೇ ಅಳೆದಿರಬೇಕು. ಒಣಗಿದ ಮೇಲೆ ಅಳೆದರೆ ಎಲ್ಲವೂ ಸರಿಯೇ ಕಾಣುತ್ತದೆ.