ಎಸ್ಪೊಸಿಟೊ ಎಂಬ ಹೆಸರಿನವರೆಲ್ಲ ನೆಂಟರೇ?

ಪ್ರಶ್ನೆ ಕೇಳಿದವರ ಕಂಪನಿಯಲ್ಲಿ ನ್ಯೂಜೆರ್ಸಿಯ ಒಬ್ಬರಿಗೂ ಬ್ಯೂನಸ್ ಐರಿಸ್‌ನ ಒಬ್ಬರಿಗೂ ಎಸ್ಪೊಸಿಟೊ ಎಂಬ ಒಂದೇ ಸರ್‌ನೇಮ್ ಇದೆಯಂತೆ. ನೀವಿಬ್ಬರೂ ನೆಂಟರಾ ಎಂದು ಕೇಳಿದರೆ ಇಬ್ಬರೂ ಅಲ್ಲ ಅಂದರಂತೆ. ಹಾಗಾದರೆ ಈ ಹೆಸರು ಹುಟ್ಟಿದ್ದೆಲ್ಲಿ, ಇಷ್ಟು ದೇಶಗಳಿಗೆ ಹೋದದ್ದು ಹೇಗೆ ಅನ್ನುವುದು ಪ್ರಶ್ನೆ.

ಅವರು ಹೇಳಿದ್ದು ಸರಿ. ನಮ್ಮಲ್ಲಿ ಅಡ್ಡಹೆಸರು ಅಂದರೆ ಊರಿನದೋ ಕಸುಬಿನದೋ ಮನೆತನದ್ದೋ ಒಂದು ಗುರುತು ಇರುತ್ತದೆ. ಎಸ್ಪೊಸಿಟೊ ಹುಟ್ಟಿದ್ದು ಈ ಮೂರರಲ್ಲಿ ಒಂದೂ ಗೊತ್ತಿಲ್ಲದ ಮಕ್ಕಳಿಗಾಗಿ. ಹೆತ್ತವರು ಬಿಟ್ಟುಹೋದ ಕೂಸುಗಳನ್ನು ಸಾಕುತ್ತಿದ್ದ ಸಂಸ್ಥೆಗಳು ಕೊಟ್ಟ ಹೆಸರು ಇದು. ಲ್ಯಾಟಿನ್ನಿನ 'ಎಕ್ಸ್‌ಪೊಸಿತುಸ್', ಅಂದರೆ ಹೊರಗೆ ಇಟ್ಟುಹೋದ ಮಗು, ಎಂಬುದೇ ಅದರ ಮೂಲ. ಆದ್ದರಿಂದ ಇದಕ್ಕೆ ಒಬ್ಬ ಮೂಲಪುರುಷ ಇಲ್ಲ. ಶತಮಾನಗಳ ಕಾಲ, ಒಂದರ ಹಿಂದೊಂದು, ಪರಸ್ಪರ ಸಂಬಂಧವೇ ಇಲ್ಲದ ಸಾವಿರಾರು ಮಕ್ಕಳಿಗೆ ಅದೇ ಹೆಸರು ಬರೆಯಲಾಯಿತು.

ಓದಿನ ಸಲುವಾಗಿ ನಾನು ಕೆಲವು ಕಾಲ ಇಟಲಿಯ ನೇಪಲ್ಸ್‌ನಲ್ಲಿದ್ದೆ. ಅಲ್ಲಿ ವಠಾರಗಳ ಬೀದಿಬಾಗಿಲಿನ ಪಕ್ಕ ಕಾಲಿಂಗ್ ಬೆಲ್‌ಗಳ ಒಂದು ಹಲಗೆ ಇರುತ್ತದೆ, ಒಂದೊಂದು ಗುಂಡಿಯ ಎದುರಿಗೂ ಮನೆಯವರ ಸರ್‌ನೇಮ್. ನಾನಿದ್ದ ಕಟ್ಟಡದ ಹಲಗೆಯಲ್ಲಿ ಎಸ್ಪೊಸಿಟೊ ಒಂದಕ್ಕಿಂತ ಹೆಚ್ಚು ಕಡೆ ಇತ್ತು. ಅಂಚೆಯವನಿಗೆ ಗೊಂದಲವಾಗದಿರಲಿ ಎಂದು ಮುಂದೆ ಹೆಸರಿನ ಮೊದಲಕ್ಷರ ಸೇರಿಸಿಕೊಂಡಿದ್ದರು. ಅವರು ಪರಸ್ಪರ ನೆಂಟರಲ್ಲ, ಹಾಗೆಂದು ಯಾರಿಗೂ ಅನಿಸುತ್ತಲೂ ಇರಲಿಲ್ಲ. ನೇಪಲ್ಸ್‌ನಲ್ಲಿ ಅತಿ ಹೆಚ್ಚು ಕಾಣುವ ಅಡ್ಡಹೆಸರು ಇದೇ. ಇಡೀ ಇಟಲಿಯ ಪಟ್ಟಿಯಲ್ಲೂ ಮೊದಲ ಹತ್ತರೊಳಗೆ ಬರುತ್ತದೆ. 1889ರಲ್ಲಿ ಇಟಲಿಯ ರಾಣಿ ಮಾರ್ಗರಿಟಾಳಿಗೆ ಟೊಮೆಟೊ, ಮೊಟ್ಸರೆಲ್ಲಾ, ತುಳಸಿಯ ಜಾತಿಯ ಬೇಸಿಲ್ ಹಾಕಿ ಪಿಜ್ಜಾ ಮಾಡಿಕೊಟ್ಟನೆಂದು ಪ್ರತೀತಿ ಇರುವ ರಫಾಯೆಲೆಯ ಅಡ್ಡಹೆಸರೂ ಎಸ್ಪೊಸಿಟೊ.

ಹೆಸರಿನ ಬೇರು ಇರುವುದು ಅದೇ ಊರಿನ ಫೊರ್ಚೆಲ್ಲಾ ಎಂಬ ಹಳೆಯ, ಕಿಕ್ಕಿರಿದ ಕೇರಿಯಲ್ಲಿ. ಅಲ್ಲಿರುವ ಅನುನ್ಸಿಯಾತಾ ಚರ್ಚು ಮತ್ತು ಅದಕ್ಕೆ ಅಂಟಿಕೊಂಡ ಅನಾಥಾಲಯ 14ನೇ ಶತಮಾನದ್ದು. ಬೀದಿಯ ಕಡೆಯ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯೊಳಗೆ ಮರದ ಪೀಪಾಯಿಯಂಥ ತಿರುಗುವ ತೊಟ್ಟಿಲು. ಅದನ್ನು 'ರುವೋತಾ' ಅಂದರೆ ಚಕ್ರ ಎಂದು ಕರೆಯುತ್ತಿದ್ದರು. ಮಗುವನ್ನು ತಂದವರು ಹೊರಗಿನಿಂದ ಅದರೊಳಗೆ ಮಲಗಿಸಿ, ತಿರುಗಿಸಿ, ಗಂಟೆ ಬಾರಿಸಿ ಹೋಗುತ್ತಿದ್ದರು. ಒಳಗೆ ಹಗಲೂ ರಾತ್ರಿ ಒಬ್ಬ ಹೆಂಗಸು ಕಾವಲಿರುತ್ತಿದ್ದಳು. ಇಟ್ಟವರ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅವಳ ಮುಖ ಅವರಿಗೆ ಕಾಣುತ್ತಿರಲಿಲ್ಲ. ಆ ಕೋಣೆಯನ್ನು ಈಗಲೂ ನೋಡಬಹುದು. ಮಕ್ಕಳನ್ನು ಮೊದಲು ತೊಳೆಯುತ್ತಿದ್ದ ಕಲ್ಲಿನ ತೊಟ್ಟಿಯೂ ಅಲ್ಲೇ ಇದೆ.

ಒಳಗೆ ಬಂದ ಮಗುವಿಗೆ ಜ್ಞಾನಸ್ನಾನವಾಗುತ್ತಿತ್ತು. ಕೊರಳಿಗೆ ಒಂದು ದಾರ, ಅದರಲ್ಲಿ ಮಾತೆ ಮರಿಯಳ ಚಿತ್ರವಿರುವ ಸೀಸದ ಬಿಲ್ಲೆ. ಆಮೇಲೆ ದಪ್ಪನೆಯ ಪುಸ್ತಕದಲ್ಲಿ ಒಂದು ದಾಖಲೆ: ಬಂದ ದಿನ, ಗಳಿಗೆ, ಅಂದಾಜು ವಯಸ್ಸು, ಮೈಮೇಲಿದ್ದ ಬಟ್ಟೆ, ಮಚ್ಚೆ, ಜೊತೆಗೆ ಸಿಕ್ಕ ವಸ್ತು. ಈ ಕೊನೆಯದನ್ನು ನಾನು ಎಂದೂ ಮರೆಯಲಾರೆ. ಅರ್ಧಕ್ಕೆ ಕತ್ತರಿಸಿದ ಪದಕ, ಅರ್ಧ ಇಸ್ಪೀಟು ಎಲೆ, ಒಂದು ತುಂಡು ರಿಬ್ಬನ್ನು ಇಂಥವು ಮಗುವಿನ ಬಟ್ಟೆಯಲ್ಲಿ ಸಿಗುತ್ತಿದ್ದವು. ಉಳಿದರ್ಧ ಅಮ್ಮನ ಹತ್ತಿರ. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಬಂದು, ಎರಡು ತುಂಡು ಜೋಡಿಸಿ ತೋರಿಸಿ, ಇದು ನನ್ನ ಕೂಸು ಎಂದು ಕೇಳಿ ಕರೆದೊಯ್ಯುವ ಆಸೆ. ಕೆಲವರು ನಿಜವಾಗಿ ಬಂದರು. ಬಹಳಷ್ಟು ಮಕ್ಕಳು ಅಷ್ಟರವರೆಗೆ ಬದುಕಲೇ ಇಲ್ಲ, ಹಾಲೂಡುವ ದಾದಿಯರು ಸಾಲದೆ, ಸೋಂಕು ತಗುಲಿ ಎಳೆಯದರಲ್ಲೇ ತೀರಿಕೊಂಡರು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಈ ಹೆಸರಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಒಂದೇ ಸಾಲಿನಲ್ಲಿ 'ಅಕ್ರಮ ಸಂತಾನದ ಹೆಸರು' ಎಂದು ಬರೆದು ಮುಗಿಸುವವರು ಬಹಳ. ಅದು ತಪ್ಪು, ಅನ್ಯಾಯವೂ ಹೌದು. ಮದುವೆಯಾಗದ ಹೆಣ್ಣುಮಕ್ಕಳು ಮಾನಕ್ಕೆ ಅಂಜಿ ಬಿಟ್ಟ ಮಕ್ಕಳು ಇದ್ದರು ನಿಜ. ಅವರ ಜೊತೆಗೆ ಗಂಡ ಹೆಂಡತಿ ಇಬ್ಬರೂ ದುಡಿದರೂ ಐದನೆಯ, ಆರನೆಯ ಬಾಯಿಗೆ ಅನ್ನ ಸಾಲದ ಮನೆಗಳ ಮಕ್ಕಳೂ ಧಾರಾಳವಾಗಿ ಇದ್ದರು. ನೇಪಲ್ಸ್‌ನ ಜನ ಇವರನ್ನು 'ಮಡೋನ್ನಾಳ ಮಕ್ಕಳು' ಎನ್ನುತ್ತಿದ್ದರು, ಅಂದರೆ ತಾಯಿ ಮರಿಯಳೇ ಎತ್ತಿಕೊಂಡವರು. ಅನಾಥಾಲಯದಲ್ಲಿ ಬೆಳೆದ ಹುಡುಗಿಯರ ಮದುವೆಗೆ ಸಂಸ್ಥೆಯೇ ವರದಕ್ಷಿಣೆ ಕೊಡುತ್ತಿತ್ತು.

ಚಕ್ರದಲ್ಲಿ ಬಂದ ಹುಡುಗ ದೊಡ್ಡವನಾಗಿ ಮದುವೆಯಾದ ಮೇಲೆ ಅವನ ಮಕ್ಕಳೂ ಎಸ್ಪೊಸಿಟೊಗಳೇ. ಅಲ್ಲಿಂದ ಮುಂದಕ್ಕೆ ಅದು ಉಳಿದೆಲ್ಲ ಅಡ್ಡಹೆಸರುಗಳಂತೆ ಅಪ್ಪನಿಂದ ಮಗನಿಗೆ ಇಳಿದು ಬಂತು. 1808ರಿಂದ 1815ರವರೆಗೆ ನೇಪಲ್ಸ್ ಆಳಿದ, ನೆಪೋಲಿಯನ್ನನ ತಂಗಿಯ ಗಂಡ ಜೊವಾಕಿಮ್ ಮ್ಯೂರಾನ ಕಾಲದಲ್ಲಿ, ಹೊಸ ಮಕ್ಕಳಿಗೆ ಈ ಹೆಸರು ಇಡಕೂಡದು, ಅದು ಜನ್ಮವಿಡೀ ಕಳಂಕವಾಗುತ್ತದೆ ಎಂಬ ಆದೇಶ ಬಂತು. ಇಟಲಿ ಒಂದಾದ ಮೇಲಿನ ಕಾನೂನೂ ಹುಟ್ಟಿನ ಕತೆ ಬಿಟ್ಟುಕೊಡುವ ಹೆಸರುಗಳನ್ನು ನಿಷೇಧಿಸಿತು. ಆಮೇಲಿನ ಮಕ್ಕಳಿಗೆ ಗುಮಾಸ್ತರು ಮನಸ್ಸಿಗೆ ತೋಚಿದ ಬೇರೆ ಬೇರೆ ಹೆಸರು ಕಟ್ಟಿದರು. ಅನುನ್ಸಿಯಾತಾದ ಚಕ್ರ ಮುಚ್ಚಿದ್ದು 1875ರಲ್ಲಿ. ಅಂದರೆ 1900ರಲ್ಲಿ ಹಡಗು ಹತ್ತಿದ ಒಬ್ಬ ಎಸ್ಪೊಸಿಟೊ ತಾನೇ ಅನಾಥನಾಗಿರುವ ಸಂಭವ ಕಡಿಮೆ. ಅವನ ಮುತ್ತಾತನೋ ಅವರಪ್ಪನೋ ಆ ಕಿಂಡಿಯೊಳಗಿಂದ ಬಂದಿರಬೇಕು, ಅಷ್ಟೆ. ಇದಕ್ಕೆ ತದ್ವಿರುದ್ಧವಾಗಿ, ಯಾವ ಸುಳಿವೂ ಕೊಡದ ಸಾಧಾರಣ ಹೆಸರಿನ ಹಿಂದೆ ತೊರೆದ ಕೂಸೊಂದು ಇರಬಹುದು.

ಇಟಲಿಯ ಬೇರೆ ಊರುಗಳಲ್ಲೂ ಇದೇ ಕತೆ, ಹೆಸರು ಮಾತ್ರ ಬೇರೆ. ಫ್ಲಾರೆನ್ಸ್‌ನಲ್ಲಿ 1445ರಲ್ಲಿ ತೆರೆದ ಅನಾಥಾಲಯದಿಂದ ಇನ್ನೊಚೆಂತಿ, ಮಿಲಾನಿನ ಆಸ್ಪತ್ರೆಯ ಲಾಂಛನ ಪಾರಿವಾಳವಾದ್ದರಿಂದ ಕೊಲೊಂಬೊ, ರೋಮಿನ ಸುತ್ತ ಪ್ರೊಯೆತ್ತಿ, ಬೊಲೊನ್ಯಾದಲ್ಲಿ ದೆಲ್ಯಿ ಎಸ್ಪೊಸ್ತಿ, ಸಿಸಿಲಿಯಲ್ಲಿ ತ್ರೊವಾತೊ. ಆದ್ದರಿಂದ ಪರದೇಶದಲ್ಲಿ ಒಬ್ಬ ಎಸ್ಪೊಸಿಟೊ ಸಿಕ್ಕರೆ ಅವರ ಹಿರಿಯರು ನೇಪಲ್ಸ್‌ನವರೋ ಅದರ ಸುತ್ತಲಿನ ಕಂಪಾನಿಯಾ ಪ್ರಾಂತ್ಯದವರೋ ಎಂದು ಊಹಿಸುವುದು ಬಹುಮಟ್ಟಿಗೆ ಸರಿಹೋಗುತ್ತದೆ. ದಕ್ಷಿಣದ ಇತರ ಊರುಗಳಲ್ಲೂ ಚಕ್ರಗಳಿದ್ದವು, ಹಾಗಾಗಿ ಖಚಿತವಾಗಿ ಹೇಳಲು ಬರುವುದಿಲ್ಲ.

ಹೊರದೇಶಗಳಿಗೆ ಹೆಸರು ಹೋದ ದಾರಿಗೂ ನೇಪಲ್ಸ್ ಬಂದರಿಗೂ ನೇರ ನಂಟು. 1880ರಿಂದ 1924ರ ನಡುವೆ 40 ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಮೆರಿಕ ಸೇರಿದರು, ಬಹುಪಾಲು ದಕ್ಷಿಣದವರು. ಜಮೀನು ಇಲ್ಲ, ಇದ್ದರೂ ತೆರಿಗೆಗೆ ಸಾಲದು, ಕೂಲಿ ಸಿಕ್ಕದು. ನೇಪಲ್ಸ್‌ನಲ್ಲಿ ಹಡಗು ಹತ್ತಿ ನ್ಯೂಯಾರ್ಕಿನಲ್ಲಿ ಇಳಿದರೆ ರಸ್ತೆ, ಸುರಂಗ, ಬಂದರಿನ ಕೆಲಸ ಕಾದಿರುತ್ತಿತ್ತು. ಇಂದಿಗೂ ಅಮೆರಿಕದ ಎಸ್ಪೊಸಿಟೊಗಳು ಗುಂಪಾಗಿ ಕಾಣುವುದು ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ಸುತ್ತಲೇ. ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿಗೆ ಅಮಾಲ್ಫಿ ಕರಾವಳಿಯ ಜನ ಎಷ್ಟು ಬಂದರೆಂದರೆ ಅಲ್ಲಿ ಪಿಜ್ಜಾವನ್ನು ಇವತ್ತಿಗೂ ನೇಪಲ್ಸ್ ಆಡುಮಾತಿನ ಉಚ್ಚಾರಣೆಯಲ್ಲಿ 'ಅಬೀಟ್ಸ್' ಅನ್ನುತ್ತಾರೆ. ಮ್ಯಾನ್‌ಹಟನ್ನಿನ ಲಿಟ್ಲ್ ಇಟಲಿಯಲ್ಲಿ ನೇಪಲ್ಸ್‌ನ ಪಾಲಕ ಸಂತ ಜೆನ್ನಾರೊನ ಹಬ್ಬ 1926ರಿಂದ ನಡೆಯುತ್ತಿದೆ.

ಇಟಾಲಿಯನ್ನರು ಒತ್ತು ಕೊಡುವುದು 'ಪೊ' ಮೇಲೆ. ಅಮೆರಿಕನ್ನರ ಬಾಯಲ್ಲಿ ಅದು 'ಎಸ್ಪೊಸೀಟೊ' ಆಗಿ, 'ಸಿ' ಉದ್ದವಾಯಿತು. ಹೆಸರು ಬದಲಾದದ್ದು ಇಷ್ಟರಮಟ್ಟಿಗೆ ಮಾತ್ರ. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರನ್ನು ಮನಬಂದಂತೆ ತಿದ್ದಿ ಬರೆದರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದನ್ನು ನಂಬಬೇಡಿ. ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ, ಇಟಾಲಿಯನ್ ಬಲ್ಲ ಗುಮಾಸ್ತರ ಕೈಯಲ್ಲಿ. ದ್ವೀಪದವರು ಆ ಪಟ್ಟಿ ಹಿಡಿದು ಟಿಕ್ ಹಾಕುತ್ತಿದ್ದರು.

ಕೆನಡಾಕ್ಕೆ ಹೋದವರಿಂದ ಈ ಹೆಸರಿಗೆ ದೊಡ್ಡ ಕೀರ್ತಿ ಬಂತು. ಒಂಟಾರಿಯೊದ ಸೂ ಸೇಂಟ್ ಮೇರಿ ಉಕ್ಕಿನ ಕಾರ್ಖಾನೆಯ ಊರು. ಅಲ್ಲಿನ ಇಟಾಲಿಯನ್ ಕುಟುಂಬವೊಂದರ ಮಗ ಫಿಲ್ ಎಸ್ಪೊಸಿಟೊ 1968–69ರಲ್ಲಿ ಐಸ್ ಹಾಕಿಯ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಒಂದೇ ಸೀಸನ್ನಿನಲ್ಲಿ 100 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ದಾಟಿದ ಮೊದಲ ಆಟಗಾರನಾದರು. 1970–71ರಲ್ಲಿ ಹೊಡೆದ 76 ಗೋಲುಗಳ ದಾಖಲೆ ವೇಯ್ನ್ ಗ್ರೆಟ್ಸ್ಕಿ ಬರುವವರೆಗೆ ನಿಂತಿತು. ಅವರ ತಮ್ಮ ಟೋನಿ ಷಿಕಾಗೋ ತಂಡದ ಗೋಲ್‌ಕೀಪರ್. ಅಮೆರಿಕನ್ ಟಿವಿ ಸರಣಿಗಳಲ್ಲಿ ನೀವು ನೋಡಿರಬಹುದಾದ ನಟ ಜಾನ್‌ಕಾರ್ಲೊ ಎಸ್ಪೊಸಿಟೊ ಹುಟ್ಟಿದ್ದು 1958ರಲ್ಲಿ ಕೋಪನ್‌ಹೇಗನ್‌ನಲ್ಲಿ. ತಂದೆ ನೇಪಲ್ಸ್‌ನವರು, ತಾಯಿ ಆಫ್ರಿಕನ್ ಅಮೆರಿಕನ್ ಒಪೆರಾ ಗಾಯಕಿ.

ಇನ್ನು ನಿಮ್ಮ ಬ್ಯೂನಸ್ ಐರಿಸ್‌ನವರ ವಿಚಾರ. ಅಲ್ಲಿ ವಿಷಯ ಸ್ವಲ್ಪ ಜಟಿಲ, ನನಗೆ ತುಂಬ ಹಿಡಿಸಿದ ಭಾಗವೂ ಅದೇ. ಸ್ಪೇನಿನಲ್ಲೂ ತೊರೆದ ಮಕ್ಕಳಿಗೆ ಇದೇ ಲ್ಯಾಟಿನ್ ಮೂಲದ 'ಎಕ್ಸ್‌ಪೊಸಿತೊ' ಎಂಬ ಹೆಸರು ಇಡುತ್ತಿದ್ದರು. ಆ ಹೆಸರಿನವರು ಬೇಕಾದರೆ ಬದಲಿಸಿಕೊಳ್ಳಲಿ ಎಂದು ಸ್ಪೇನ್ ಸರ್ಕಾರ 1921ರಲ್ಲಿ ಕಾನೂನನ್ನೇ ಮಾಡಿತು. ಅದಕ್ಕೂ ಬಹಳ ಹಿಂದೆ, 1779ರಲ್ಲಿ, ಸ್ಪೇನಿನ ವೈಸ್‌ರಾಯ್ ವೆರ್ತಿಸ್ ಬ್ಯೂನಸ್ ಐರಿಸ್‌ನಲ್ಲೇ ತೊರೆದ ಮಕ್ಕಳ ಮನೆಯೊಂದನ್ನು ತೆರೆದಿದ್ದ. ಅಲ್ಲಿಯೂ ಗೋಡೆಯಲ್ಲಿ ತಿರುಗುವ ತೊಟ್ಟಿಲು. ಅಪ್ಪ ಅಮ್ಮ ನನ್ನನ್ನು ದೂರ ಮಾಡಿದರು, ದೈವದ ಕರುಣೆ ಇಲ್ಲಿ ಎತ್ತಿಕೊಂಡಿತು ಎಂಬ ಅರ್ಥದ ಬರಹ ಅದರ ಹತ್ತಿರ ಇತ್ತು. ಆ ಮನೆಯ ಖರ್ಚಿಗೆ ಆದಾಯ ಬರಲೆಂದು, ಜೆಸುಯಿಟ್ ಪಂಥದ ಕ್ರೈಸ್ತ ಪಾದ್ರಿಗಳನ್ನು ಹೊರದಬ್ಬಿದ ಮೇಲೆ ಕಾರ್ದೊಬಾ ಊರಿನಲ್ಲಿ ಸುಮ್ಮನೆ ಬಿದ್ದಿದ್ದ ಅವರ ಅಚ್ಚುಯಂತ್ರವನ್ನು ತರಿಸಿ 1780ರಲ್ಲಿ ಮುದ್ರಣಾಲಯ ಹಾಕಿದರು. ಬ್ಯೂನಸ್ ಐರಿಸ್ ನಗರದ ಮೊದಲ ಮುದ್ರಣಾಲಯ ಅದು. ಅದರ ಹೆಸರೇ 'ತೊರೆದ ಮಕ್ಕಳ ಮುದ್ರಣಾಲಯ'.

ಹೀಗಾಗಿ ಅರ್ಜೆಂಟೀನಾದಲ್ಲಿ ಎರಡು ಹೊಳೆಗಳು ಕೂಡಿವೆ. ಒಂದು ಸ್ಪ್ಯಾನಿಷ್ ಮೂಲದ್ದು, 'ಎಕ್ಸ್' ಅಕ್ಷರ ಉಳಿಸಿಕೊಂಡದ್ದು. ಟ್ಯಾಂಗೋ ಹಾಡುಗಳ ಕವಿ ಒಮೆರೊ ಎಕ್ಸ್‌ಪೊಸಿತೊ (1918–1987) ಹೆಸರಿನಲ್ಲಿರುವುದು ಆ ಬರವಣಿಗೆ. ಇನ್ನೊಂದು ನೇಪಲ್ಸ್‌ನಿಂದ ಹಡಗಿನಲ್ಲಿ ಬಂದದ್ದು, 'ಎಸ್' ಬರವಣಿಗೆಯದು, ಸ್ಪ್ಯಾನಿಷ್ ಪದ್ಧತಿಯಂತೆ 'ಪೊ' ಮೇಲೆ ಒತ್ತಿನ ಗುರುತು ಹಾಕಿಕೊಂಡು ಅಲ್ಲಿಯದೇ ಆಯಿತು. 1991ರಲ್ಲಿ ಹುಟ್ಟಿದ ಗಾಯಕಿ ಲಾಲಿ ಎಸ್ಪೊಸಿತೊ ಬರೆಯುವುದು ಹಾಗೆ. ಆದರೆ ಗುಮಾಸ್ತರು ಎಕ್ಸ್ ಮತ್ತು ಎಸ್ ಅನ್ನು ಅದಲುಬದಲು ಮಾಡಿದ್ದೂ ಉಂಟು, ಆದ್ದರಿಂದ ಅಕ್ಷರ ನೋಡಿ ಮೂಲ ತೀರ್ಮಾನಿಸಬೇಡಿ. ನಿಮ್ಮ ಸಹೋದ್ಯೋಗಿಯ ಹಿರಿಯರು ಸ್ಪೇನಿನ ಗಲಿಷಿಯಾದವರೋ ಕಂಪಾನಿಯಾದವರೋ ಎಂಬುದನ್ನು ಅವರ ಮನೆಯ ಕಾಗದಪತ್ರವೇ ಹೇಳಬೇಕು.

ಬ್ರೆಜಿಲ್‌ಗೆ ಮೊದಲು ಹೋದವರಲ್ಲಿ ವೆನೆತೊ ಪ್ರಾಂತ್ಯದ ರೈತರು ಜಾಸ್ತಿ, ನೇಪಲ್ಸ್ ಕಡೆಯವರು ಸಾವೊ ಪಾವ್ಲೊದ ಮೋಕಾದಂಥ ಕಾರ್ಖಾನೆ ಕೇರಿಗಳಲ್ಲಿ ನೆಲೆಸಿದರು. ಫ್ರಾನ್ಸಿನಲ್ಲಿ ಮಾರ್ಸೇಯ್ ಹಳೆಯ ಬಂದರಿನ ಸುತ್ತ ನೇಪಲ್ಸ್‌ನ ಮೀನುಗಾರರೂ ಕೂಲಿಗಳೂ ಇದ್ದರು. ಎರಡನೆಯ ಮಹಾಯುದ್ಧದ ನಂತರದ ಅಲೆ ಸರ್ಕಾರಗಳ ಒಪ್ಪಂದದ ಮೇಲೆ ನಡೆಯಿತು: 1946ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಗೆ, 1951ರಲ್ಲಿ ಆಸ್ಟ್ರೇಲಿಯಾಕ್ಕೆ, 1955ರಲ್ಲಿ ಪಶ್ಚಿಮ ಜರ್ಮನಿಗೆ. ಇಂಗ್ಲೆಂಡಿನ ಬೆಡ್‌ಫರ್ಡ್‌ನ ಇಟ್ಟಿಗೆ ಕಾರ್ಖಾನೆಗಳಿಗೆ ಕಂಪಾನಿಯಾದ ಹಳ್ಳಿಗಳಿಂದ ಜನ ಹೋದದ್ದೂ 1950ರ ದಶಕದಲ್ಲಿ.

ನಿಮ್ಮ ಸಹೋದ್ಯೋಗಿಗಳಿಗೆ ಕುತೂಹಲ ಇದ್ದರೆ ಎರಡು ಮಾತು ತಿಳಿಸಿ. ಎಸ್ಪೊಸಿಟೊ ಮನೆತನದ ಲಾಂಛನ ಎಂದು ಚೌಕಟ್ಟು ಹಾಕಿ ಮಾರುವ ವೆಬ್‌ಸೈಟುಗಳಿಗೆ ಒಂದು ಡಾಲರ್ ಕೂಡ ಕೊಡುವುದು ಬೇಡ. ಒಂದೇ ಮನೆತನವಲ್ಲದ ಮೇಲೆ ಎಲ್ಲರಿಗೂ ಸೇರಿದ ಲಾಂಛನ ಎಲ್ಲಿಂದ ಬಂತು? ಎರಡನೆಯದು, ಹೆಸರನ್ನು ಹಿಡಿದು ಹುಡುಕಬಾರದು, ಊರನ್ನು ಹಿಡಿದು ಹುಡುಕಬೇಕು. ವಲಸೆ ಬಂದ ಹಿರಿಯರ ಪೌರತ್ವದ ಕಾಗದ, ಚರ್ಚಿನ ಮದುವೆ ದಾಖಲೆ, ಹಡಗಿನ ಪಟ್ಟಿ ಇವುಗಳಲ್ಲಿ ಎಲ್ಲಾದರೂ ಹಳ್ಳಿಯ ಹೆಸರು ಇರುತ್ತದೆ. ಇಟಲಿಯ ಹೆಂಗಸರು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಹೆಸರನ್ನೇ ಉಳಿಸಿಕೊಳ್ಳುತ್ತಾರೆ, ಹಾಗಾಗಿ ಅಜ್ಜಿಯನ್ನು ಹಡಗಿನ ಪಟ್ಟಿಯಲ್ಲಿ ಹುಡುಕುವಾಗ ಅವಳ ತವರಿನ ಹೆಸರು ಬೇಕು.

ಊರು ಸಿಕ್ಕರೆ ಮುಂದಿನದು ಸಲೀಸು. ನೇಪಲ್ಸ್ ರಾಜ್ಯದಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1809ರಿಂದಲೇ ಇದೆ. ಇಟಲಿ ಸರ್ಕಾರದ 'ಅಂತೆನಾತಿ' ಎಂಬ ತಾಣದಲ್ಲಿ ಅದರ ಪುಟಗಳನ್ನು ದುಡ್ಡಿಲ್ಲದೆ ನೋಡಬಹುದು. ಮದುವೆಯ ದಾಖಲೆಗೆ ಲಗತ್ತಿಸಿದ ಕಾಗದಗಳ ಕಟ್ಟು ಸಿಕ್ಕರೆ ಬಿಡಬೇಡಿ. ವರನ ತಂದೆ ತೀರಿಕೊಂಡಿದ್ದರೆ ತಾತನ ಮರಣಪತ್ರವನ್ನೂ ಅದರಲ್ಲಿ ಸೇರಿಸುತ್ತಿದ್ದರು, ಒಂದೇ ಕಟ್ಟಿನಲ್ಲಿ ಮೂರು ತಲೆಮಾರು ಸಿಗುತ್ತವೆ. ಹಾಗೆ ಹಿಂದಕ್ಕೆ ಹೋಗುತ್ತಾ ಒಂದು ಕಡೆ ತಂದೆ ತಾಯಿ ಇಬ್ಬರೂ 'ಅಜ್ಞಾತ' ಎಂದು ಬರೆದದ್ದು ಕಂಡರೆ ಆಮೇಲೆ ನೋಡಬೇಕಾದದ್ದು ಅನುನ್ಸಿಯಾತಾದ ಚಕ್ರದ ಪುಸ್ತಕಗಳನ್ನು. 17ನೇ ಶತಮಾನದಿಂದಲೂ ಅವು ಉಳಿದಿವೆ. ತಂದೆ ತಾಯಿಯ ಹೆಸರು ಅಲ್ಲಿಯೂ ಸಿಗಲಿಕ್ಕಿಲ್ಲ. ಆದರೆ ಆ ಮಗು ಯಾವ ರಾತ್ರಿ, ಎಷ್ಟು ಗಂಟೆಗೆ, ಯಾವ ಬಟ್ಟೆ ಸುತ್ತಿಕೊಂಡು ಬಂತು ಎಂಬುದು ಸಿಗಬಹುದು. ತಮ್ಮ ವಂಶದ ಯಾವ ಹಿರಿಯರ ಬಗ್ಗೆಯೂ ನಮ್ಮಲ್ಲಿ ಬಹುತೇಕರಿಗೆ ಅಷ್ಟು ವಿವರ ಗೊತ್ತಿರುವುದಿಲ್ಲ.