ಸೈಟಿನಲ್ಲಿ ಕಿರಿಯರ ಮಾತು ನಡೆಯುವುದು ಹೇಗೆ?

ವೃತ್ತಿ ಮತ್ತು ಬದುಕು: ಓದುಗರ ಪ್ರಶ್ನೆಗಳಿಗೆ ಉತ್ತರ

(ಉತ್ತರಿಸುವವರು ಉತ್ತರ ಕನ್ನಡದ ಜಲವಿದ್ಯುತ್ ಹಾಗೂ ರಸ್ತೆ ಕಾಮಗಾರಿಗಳಲ್ಲಿ ಮೂರು ದಶಕ ದುಡಿದು, ಈಗ ಶಿರಸಿಯಲ್ಲಿ ನೆಲೆಸಿರುವ ಸಿವಿಲ್ ಇಂಜಿನಿಯರ್.)

ಪ್ರಶ್ನೆ: ಒಂದೂವರೆ ವರ್ಷದಿಂದ ಅಂಕೋಲಾ ಸಮೀಪ ಕಿರುಸೇತುವೆಯೊಂದರ ಕಾಮಗಾರಿಯಲ್ಲಿ ಸೈಟ್ ಇಂಜಿನಿಯರ್ ಆಗಿದ್ದೇನೆ. ಅಲ್ಲಿರುವ ಇಂಜಿನಿಯರುಗಳಲ್ಲಿ ಹೆಣ್ಣು ನಾನೊಬ್ಬಳೇ. ಕಾಂಕ್ರೀಟ್ ಗಟ್ಟಿಯಾಯಿತೆಂದು ಮೇಸ್ತ್ರಿಯವರು ಮಿಕ್ಸರಿಗೆ ಮತ್ತೆ ಮತ್ತೆ ನೀರು ಹಾಕಿಸುತ್ತಾರೆ. ಬೇಡವೆಂದರೆ, "ಅಕ್ಕೋರೇ, ಬಿಸಿಲಲ್ಲಿ ಯಾಕೆ ನಿಂತ್ರಿ, ನೆರಳಿಗೆ ಕೂತ್ಕಳಿ, ನಾವು ನೋಡ್ಕಂತೇವೆ" ಎನ್ನುತ್ತಾರೆ. ಅವರು ನನ್ನ ತಂದೆಯ ವಯಸ್ಸಿನವರು, ಕೆಟ್ಟವರಲ್ಲ. ಅಮ್ಮ ಬ್ಯಾಂಕ್ ಪರೀಕ್ಷೆ ಬರೆ ಎಂದು ದಿನವೂ ಹೇಳುತ್ತಾಳೆ. ಕೈಯಲ್ಲಿ ಅಧಿಕಾರವಿಲ್ಲದವಳು ಮುಂದಾಳತ್ವ ವಹಿಸುವುದಾದರೂ ಹೇಗೆ?
– ಓರ್ವ ಓದುಗಿ, ಅಂಕೋಲಾ

ಉತ್ತರ: ಮೊದಲು ನೀರಿನ ಮಾತನ್ನೇ ಆಡೋಣ, ಏಕೆಂದರೆ ಈ ವಿಷಯದಲ್ಲಿ ನೀವು ಹೇಳುತ್ತಿರುವುದು ಸರಿ, ಮತ್ತು ಅದು ಏಕೆ ಸರಿ ಎಂಬುದು ನಿಮ್ಮ ನಾಲಿಗೆಯ ತುದಿಯಲ್ಲಿ ಲೆಕ್ಕದ ಸಮೇತ ಇರಬೇಕು. ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನಕವಾದ ಐಎಸ್ 456:2000 ಸಂಹಿತೆಯು ಕರಾವಳಿಯ ಗಾಳಿಗೆ ಒಡ್ಡಿಕೊಳ್ಳುವ ಕಾಂಕ್ರೀಟನ್ನು ತೀವ್ರ ಪರಿಸ್ಥಿತಿಯದ್ದೆಂದು ಪರಿಗಣಿಸುತ್ತದೆ. ಕಬ್ಬಿಣದ ಸರಳು ಹಾಕಿದ ಅಂಥ ಕಾಂಕ್ರೀಟಿನಲ್ಲಿ ನೀರಿನ ತೂಕವು ಸಿಮೆಂಟಿನ ತೂಕದ 0.45 ಭಾಗವನ್ನು ಮೀರಬಾರದು. ಎಂದರೆ 50 ಕಿಲೋ ತೂಕದ ಒಂದು ಚೀಲ ಸಿಮೆಂಟಿಗೆ 22.5 ಲೀಟರ್ ನೀರು, ಅದೂ ಹಸಿ ಮರಳಿನ ಮೈಮೇಲೆ ಆಗಲೇ ಕುಳಿತಿರುವ ನೀರು ಸೇರಿ. ಇದರ ಮೇಲೆ ಅರ್ಧ ಬಕೆಟ್, ಐದು ಲೀಟರ್ ಎಂದಿಟ್ಟುಕೊಳ್ಳಿ, ಸುರಿದರೆ ಪ್ರಮಾಣ 0.55ಕ್ಕೆ ಏರುತ್ತದೆ. ಹೆಚ್ಚಾದ ನೀರು ಮುಂದೆ ಆರಿಹೋಗುತ್ತದೆ, ಆದರೆ ಅದು ಇದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಕಡಲಿನ ಉಪ್ಪು ಆ ದಾರಿಯಲ್ಲೇ ಒಳಗಿಳಿದು ಸರಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಇದಾವುದೂ ಸುರಿದ ದಿನ ಕಾಣುವುದಿಲ್ಲ. ಆ ದಿನ ಕಾಣುವುದು ನೀರು ಹೆಚ್ಚಾದ ಕಾಂಕ್ರೀಟಿನ ನಯವಾದ ಮೈ ಮಾತ್ರ.

ಇಷ್ಟು ತಿಳಿದಿದ್ದೂ ನಾನು ಒಮ್ಮೆ ಸುಮ್ಮನಿದ್ದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಕರಾವಳಿಯ ಒಂದು ತಡೆಗೋಡೆಯಲ್ಲಿ ಸರಳನ್ನು ಹಲಗೆಯಿಂದ ದೂರವಿಡುವ ಕವರ್ ಬ್ಲಾಕುಗಳು ಜಾರಿ, ಸರಳುಗಳು ಸೆಂಟ್ರಿಂಗ್ ಹಲಗೆಗೆ ತಾಗಿಕೊಂಡಿದ್ದುದನ್ನು ನಾನು ನೋಡಿದ್ದೆ. ಸರಳಿನ ಮೇಲೆ 45 ಮಿಲಿಮೀಟರ್ ಇರಬೇಕಾದ ಕಾಂಕ್ರೀಟಿನ ಹೊದಿಕೆ ಕೆಲವು ಕಡೆ ಬೆರಳಿನ ದಪ್ಪವೂ ಇರಲಿಲ್ಲ. ಹಿರಿಯರೊಬ್ಬರು "ಸಂಜೆಯಾಯಿತು, ಸುರಿದುಬಿಡಿ" ಎಂದರು. ನಾನು ಪುಸ್ತಕ ಮುಚ್ಚಿದೆ. ಕೆಲವು ವರ್ಷಗಳ ಬಳಿಕ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಆ ಗೋಡೆಯ ಮೇಲೆ, ಸರಳು ಹಾದುಹೋದಲ್ಲೆಲ್ಲ, ಕೆಂಗಂದು ಗೆರೆಗಳು ಗೀಚಿದಂತೆ ಕಂಡವು. ಯಾರಿಗೂ ಅಪಾಯವಾಗಲಿಲ್ಲ. ಆದರೂ ಆ ಗೆರೆಗಳ ಎಣಿಕೆಯನ್ನು ನಾನು ಈಗಲೂ ಮರೆತಿಲ್ಲ.

ಮುಂದಾಳತ್ವ ಎಂಬ ಮಾತನ್ನು ನಾವು ಹುದ್ದೆಯೊಂದಿಗೆ ಗಂಟು ಹಾಕಿಬಿಟ್ಟಿದ್ದೇವೆ. ನಾನು ಕಂಡಂತೆ, ತಾನು ನೋಡಿದ್ದನ್ನು ಎಲ್ಲರೂ ನೋಡುವಂತೆ ಮಾಡುವುದೇ ಸೈಟಿನ ಮುಂದಾಳತ್ವ. ಅದಕ್ಕೆ ನಿಮ್ಮ ಬಳಿ ಅಗ್ಗದ ಸಾಧನವೊಂದಿದೆ: ಹಸಿ ಕಾಂಕ್ರೀಟ್ ಎಷ್ಟು ಸಡಿಲವೆಂದು ಅಳೆಯುವ ಅಚ್ಚು, ಸ್ಲಂಪ್ ಕೋನ್. ನಾಳೆ ಬೆಳಿಗ್ಗೆ ಮೊದಲ ಮಿಕ್ಸ್ ಬಿದ್ದಾಗ ಅದನ್ನು ಎಲ್ಲರ ನಡುವೆ ತಗಡಿನ ಮೇಲೆ ಇಡಿಸಿ. ಪದರ ಪದರವಾಗಿ ತುಂಬಿ, ಒಂದೊಂದು ಪದರಕ್ಕೂ 25 ಬಾರಿ ಕಂಬಿಯಿಂದ ಕುಟ್ಟಿ, ಮೇಲ್ಭಾಗ ಸವರಿ, ಕೋನನ್ನು ನೀವು ಎತ್ತದೆ ಮೇಸ್ತ್ರಿಯವರ ಕೈಯಿಂದಲೇ ನೇರವಾಗಿ ಎತ್ತಿಸಿ. 300 ಮಿಲಿಮೀಟರ್ ಎತ್ತರದಿಂದ ಕಾಂಕ್ರೀಟ್ ಎಷ್ಟು ಕುಸಿಯಿತೆಂದು ಅವರೇ ಅಳತೆಪಟ್ಟಿ ಹಿಡಿದು ಹೇಳಲಿ. ಬಳಿಕ ಅವರು ನೀರು ಸೇರಿಸಿದ ಮಿಕ್ಸಿಗೂ ಅದನ್ನೇ ಮಾಡಿಸಿ. ಎರಡು ಗುಪ್ಪೆಗಳು ಅಕ್ಕಪಕ್ಕ ಕುಳಿತಾಗ ನೀವು ಹೆಚ್ಚು ಮಾತನಾಡಬೇಕಾಗಿ ಬರುವುದಿಲ್ಲ. ಎರಡರಿಂದಲೂ 150 ಮಿಲಿಮೀಟರ್ ಕ್ಯೂಬುಗಳನ್ನು ತೆಗೆದಿಟ್ಟು, 28ನೆಯ ದಿನ ಬಲ ಪರೀಕ್ಷೆಗಾಗಿ ಒಡೆಯುವಾಗ ಅವರನ್ನೂ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ. ಇಪ್ಪತ್ತು ವರ್ಷ ಕಾಂಕ್ರೀಟ್ ಸುರಿದ ಎಷ್ಟೋ ಮೇಸ್ತ್ರಿಗಳನ್ನು ತಮ್ಮದೇ ಕ್ಯೂಬು ಒಡೆಯುವುದನ್ನು ನೋಡಲು ಯಾರೂ ಕರೆದಿರುವುದಿಲ್ಲ.

ಅವರ ಮಾತಿನಲ್ಲೂ ಹುರುಳಿದೆ ಎಂಬುದನ್ನು ಮರೆಯಬೇಡಿ. ಗಟ್ಟಿ ಕಾಂಕ್ರೀಟ್ ಒತ್ತಾದ ಸರಳುಗಳ ನಡುವೆ ಇಳಿಯದಿದ್ದರೆ ಜೇನುಗೂಡಿನಂಥ ಪೊಳ್ಳುಗಳಾಗುತ್ತವೆ, ಅದು ಮತ್ತೊಂದು ಕೇಡು. ಆದ್ದರಿಂದ ಬೇಡವೆಂದಷ್ಟೇ ಹೇಳಿ ನಿಲ್ಲದೆ, ಪ್ಲಾಸ್ಟಿಸೈಜರ್ ಬಳಸಿ ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ಪ್ರಸ್ತಾವವನ್ನು ನಿಮ್ಮ ಮೇಲಧಿಕಾರಿಗಳ ಮುಂದಿಡಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿದೆಯೇ ನೋಡಿ, ಎಲ್ಲಿ ಕೈ ಸಿಗುವುದಿಲ್ಲವೆಂದು ಮೇಸ್ತ್ರಿಯವರನ್ನೇ ಕೇಳಿ. ಇಷ್ಟಾದ ಮೇಲೂ ನೀರು ಬಿದ್ದರೆ ಸೈಟ್ ಆರ್ಡರ್ ಬುಕ್ಕಿನಲ್ಲಿ ದಿನಾಂಕ, ಸಮಯ, ಸುರಿದ ಭಾಗ, ಅಳತೆ ಇವಿಷ್ಟನ್ನು ಬರೆದು ಸಹಿ ಹಾಕಿ. ಕೋಪದ ಒಂದು ಪದವೂ ಅಲ್ಲಿ ಬೇಡ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದು, ಚಾಲಕ ಬದುಕಿ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಅದರ ಕಾರಣಗಳ ವಿಚಾರಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ನಿಮ್ಮ ಕಿರುಸೇತುವೆಯ ಮೇಲೂ ಒಂದು ರಾತ್ರಿ ಒಬ್ಬ ಚಾಲಕ ಅದೇ ನಂಬಿಕೆಯಿಂದ ಬರುತ್ತಾನೆ ಎಂಬುದನ್ನು ಬರೆಯುವಾಗ ನೆನೆದುಕೊಳ್ಳಿ ಎಂದಷ್ಟೇ ಹೇಳುತ್ತೇನೆ.

ಬ್ಯಾಂಕ್ ಪರೀಕ್ಷೆಯನ್ನು ಬೇಕಾದರೆ ಬರೆಯಿರಿ, ಆದರೆ ಈ ಮೇಸ್ತ್ರಿಯವರ ಕಾರಣಕ್ಕೆ ಬರೆಯಬೇಡಿ. ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಓದಿದ ಎ. ಲಲಿತಾ ಅವರು ಹದಿನೆಂಟರಲ್ಲೇ ವಿಧವೆಯಾಗಿ, ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು 1940ರ ದಶಕದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆದರು; ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಕೆಲಸಗಳಲ್ಲೂ ಅವರ ದುಡಿಮೆಯಿದೆ. ಅಮ್ಮನಿಗೆ ಈ ಕಥೆ ಹೇಳಿ. ಅದಕ್ಕಿಂತ ಹೆಚ್ಚಾಗಿ, ಒಂದು ದಿನ ಅವರನ್ನು ಸೈಟಿಗೆ ಕರೆತಂದು ನಿಮ್ಮ ಕೆಲಸ ತೋರಿಸಿ.

ಪ್ರಶ್ನೆ: ನಮ್ಮದು ಅಘನಾಶಿನಿ ದಂಡೆಯ ಗಜನಿ ಬೇಸಾಯದ ಮನೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬೆಂಗಳೂರಿನ ಪಂಪ್ ತಯಾರಿಕಾ ಕಂಪನಿಯಲ್ಲಿದ್ದೇನೆ. ಸುತ್ತಲಿರುವವರೆಲ್ಲ ಬಿ.ಇ. ಓದಿದವರು, ಇಂಗ್ಲಿಷ್ ಸರಾಗ. ನನ್ನ ಮಾತಿನ ಧಾಟಿಗೆ ನಗುತ್ತಾರೆ. ಊರಿನ ಸುದ್ದಿಯನ್ನೇ ಎತ್ತದಿರುವುದು ಒಳ್ಳೆಯದೇ?
– ಓರ್ವ ಓದುಗ, ಕುಮಟಾ ತಾಲೂಕು

ಉತ್ತರ: ಖಂಡಿತ ಎತ್ತಿರಿ. ಗಜನಿ ಗದ್ದೆ ಎಂದರೇನೆಂದು ನಿಮ್ಮ ಸಹೋದ್ಯೋಗಿಗಳಿಗೆ ತಿಳಿದಿರಲಾರದು: ಉಬ್ಬರದ ಉಪ್ಪುನೀರನ್ನು ತಡೆಯುವ ಮಣ್ಣಿನ ಕಟ್ಟೆ, ಇಳಿತದ ಹೊತ್ತಿಗೆ ನೀರನ್ನು ಹೊರಬಿಡುವ ಹಲಗೆಯ ಬಾಗಿಲು, ಮಳೆನೀರು ಉಪ್ಪನ್ನು ತೊಳೆದ ಮೇಲೆ ಬೆಳೆಯುವ ಕಗ್ಗ ಭತ್ತ. ಅತ್ತ ಕಡೆಯ ನೀರಿನ ಮಟ್ಟ ತಗ್ಗಿದಾಗ ಯಾವ ಹೊತ್ತಿಗೆ ಬಾಗಿಲು ಎತ್ತಬೇಕೆಂದು ಚಂದ್ರನನ್ನು ನೋಡಿ ಹೇಳಬಲ್ಲ ಮನೆಯಲ್ಲಿ ಬೆಳೆದವರಿಗೆ ಒತ್ತಡದ ವ್ಯತ್ಯಾಸ, ಹಿಮ್ಮರಳುವ ಹರಿವು, ಉಪ್ಪುನೀರಿಗೆ ಸವೆಯುವ ಲೋಹ ಇವೆಲ್ಲ ಪಾಠವಾಗುವ ಮೊದಲೇ ಅನುಭವವಾಗಿರುತ್ತವೆ. ಕರಾವಳಿಗೆ ಹೋಗುವ ಪಂಪಿನ ಚರ್ಚೆ ಬಂದಾಗ ಆ ಕೋಣೆಯಲ್ಲಿ ಇದನ್ನು ಹೇಳಬಲ್ಲವರು ನೀವೊಬ್ಬರೇ ಆಗಿರಬಹುದು. ಬೇರೆ ಬೇರೆ ಹಿನ್ನೆಲೆಯವರು ಒಂದೇ ತಂಡದಲ್ಲಿರಬೇಕು ಎಂದು ನಾವು ಒತ್ತಾಯಿಸುವುದು ಇಂಥ ತಿಳಿವಳಿಕೆ ಮೇಜಿನ ಮೇಲೆ ಬರಲಿ ಎಂದೇ. ನೀವು ಅದನ್ನು ಬಚ್ಚಿಟ್ಟರೆ ನಷ್ಟ ತಂಡಕ್ಕೂ ಆಗುತ್ತದೆ.

ಇಂಗ್ಲಿಷನ್ನು ಕಲಿಯಲೇಬೇಕು, ಕಲಿಯಬಹುದು ಕೂಡ. ದಿನದ ಕೊನೆಗೆ ಅಂದಿನ ಕೆಲಸದ ಬಗ್ಗೆ ಅರ್ಧ ಪುಟ ಬರೆಯಿರಿ. ಸಭೆಗೆ ಮುನ್ನ ಹೇಳಬೇಕಾದ ಮೂರು ವಾಕ್ಯಗಳನ್ನು ಬರೆದುಕೊಂಡು ಒಳಗೆ ಹೋಗಿ. ನಗುವವರಲ್ಲಿ ಒಬ್ಬರನ್ನು ಪ್ರತ್ಯೇಕವಾಗಿ ಕಂಡು, ಅದರಿಂದ ನೋವಾಗುತ್ತದೆ ಎಂದು ನೇರವಾಗಿ ಹೇಳಿ. ಬಹುಪಾಲು ಜನರಿಗೆ ಅಷ್ಟು ಸಾಕಾಗುತ್ತದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದು ನಿಮಗೆ ತಿಳಿದೇ ಇರುತ್ತದೆ. ಮನೆಯ ಪರಿಸ್ಥಿತಿ ಒಪ್ಪಿದರೆ ಆ ದಾರಿಯನ್ನು ಯೋಚಿಸಿ.

ಪ್ರಶ್ನೆ: ನನ್ನ ವಿಭಾಗದಲ್ಲಿ ಒಂಬತ್ತು ಇಂಜಿನಿಯರುಗಳಿದ್ದು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಸಭೆಯಲ್ಲಿ ಇಬ್ಬರೂ ಮಾತನಾಡುವುದಿಲ್ಲ. ಒಬ್ಬರು ಹೆರಿಗೆ ರಜೆಯ ನಂತರ ಕೆಲಸ ಬಿಡುವ ಯೋಚನೆಯಲ್ಲಿದ್ದಾರೆ. ನಾನೇನು ಮಾಡಬಹುದು?
– ಓರ್ವ ಓದುಗರು, ಕಾರವಾರ

ಉತ್ತರ: ಸಭೆಯಲ್ಲಿ ನಿಮ್ಮ ಅಭಿಪ್ರಾಯವನ್ನು ಕೊನೆಗೆ ಹೇಳಿ, ಎಲ್ಲರಿಗಿಂತ ಕಿರಿಯರಿಂದ ಆರಂಭಿಸಿ. ಹಿರಿಯರು ಒಮ್ಮೆ ತೀರ್ಮಾನ ನುಡಿದ ಮೇಲೆ ಕಿರಿಯರ ಬಾಯಿ ತೆರೆಯುವುದಿಲ್ಲ. ತೆರೆದರೂ, ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತ ಸಾಕ್ಷಿ. 1986ರ ಜನವರಿ 27ರ ಸಂಜೆ, ರಾಕೆಟಿನ ಜೋಡಣೆಗಳನ್ನು ಮುಚ್ಚುವ ರಬ್ಬರಿನ ಓ-ರಿಂಗುಗಳು ಚಳಿಗೆ ಗಡುಸಾಗಿ ಸರಿಯಾಗಿ ಮುಚ್ಚಲಾರವು, ಉಡಾವಣೆ ಬೇಡವೆಂದು ರಾಕೆಟ್ ತಯಾರಿಸಿದ ಕಂಪನಿಯ ಇಂಜಿನಿಯರುಗಳು ಅಂಕಿ ಅಂಶ ಹಿಡಿದು ವಾದಿಸಿದರು. ಆಡಳಿತದವರು ಆ ಮಾತನ್ನು ಬದಿಗೆ ಸರಿಸಿದರು. ಮರುದಿನ ನೌಕೆ ಮೇಲೇರಿದ 73 ಸೆಕೆಂಡಿನಲ್ಲಿ ಛಿದ್ರವಾಗಿ, ಅದರೊಳಗಿದ್ದ ಏಳೂ ಜನ ತೀರಿಕೊಂಡರು. ಆದ್ದರಿಂದ ಮಾತನಾಡಿ ಎಂದು ಆ ಹೆಣ್ಣುಮಕ್ಕಳಿಗೆ ಹೇಳುವ ಮೊದಲು, ಕಳೆದ ಆರು ತಿಂಗಳಲ್ಲಿ ಅವರು ಹೇಳಿದ ಯಾವ ಮಾತಿನಿಂದ ನಿಮ್ಮ ತೀರ್ಮಾನ ಬದಲಾಗಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹೆರಿಗೆ ರಜೆಯ ವಿಷಯ. ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಆಕೆಯ ಹಕ್ಕು. 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯವೂ ಇರಬೇಕು. ಅದು ನಿಮ್ಮಲ್ಲಿ ಇದೆಯೇ? ರಜೆಗೆ ಮುನ್ನ ಆಕೆ ಮಾಡುತ್ತಿದ್ದ ಕೆಲಸವನ್ನೇ ಮರಳಿದ ಮೇಲೂ ಕೊಡುತ್ತೇವೆಂದು ಈಗಲೇ ಬರೆದು ಕೊಡಿ. ನಾನು ಕಂಡ ಹಲವರು ಕೆಲಸ ಬಿಟ್ಟದ್ದು ಮಗುವಿಗಾಗಿ ಎನ್ನುವುದಕ್ಕಿಂತ, ಮರಳಿ ಬಂದಾಗ ಕೈಗೆ ಬರೀ ಕಡತಗಳನ್ನು ಕೊಟ್ಟು ಕೂರಿಸಿದ್ದರಿಂದ.

ಇನ್ನೊಂದು ಮಾತನ್ನು ಅವರು ನಿಮ್ಮ ಬಳಿ ಸಂಕೋಚದಿಂದ ಹೇಳಿರಲಾರರು, ಹಾಗಾಗಿ ನಾನು ಹೇಳುತ್ತೇನೆ. ಹೊರಗಿನ ಕೆಲಸದ ದಿನಗಳಲ್ಲಿ ಶೌಚಾಲಯವಿಲ್ಲವೆಂದು ನಾವು ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯದೆ, ಕರಾವಳಿಯ ಆ ಬೆವರಿನಲ್ಲಿ ಸಂಜೆಯವರೆಗೆ ನಿಲ್ಲುತ್ತಿದ್ದೆವು. ನಿಮ್ಮ ಮುಂದಿನ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಒಳಗಿನಿಂದ ಚಿಲಕವಿರುವ, ನೀರಿನ ನಲ್ಲಿಯಿರುವ ಪ್ರತ್ಯೇಕ ಶೌಚಾಲಯಕ್ಕೆ ಒಂದು ಸಾಲು ಸೇರಿಸಿ. ಸಿಮೆಂಟಿನ ಮೊದಲ ಲೋಡು ಬರುವ ಮುನ್ನ ಅದು ಕಟ್ಟಿ ಮುಗಿದಿರಲಿ.