ಎಲೆಕ್ಷನ್‌ಗೆ 'ಕಣ' ಅಂತ ಯಾಕಂತಾರೆ, ಅದು ಯುದ್ಧದ ಪದಾನಾ?

ಹೌದು, ಯುದ್ಧದ್ದೂ ಹೌದು, ಹೊಲದ್ದೂ ಹೌದು. ಕಣ ಅಂದ್ರೆ ಊರ ಕಡೆ ರಾಗಿ ತೆನೆ, ಭತ್ತ ಬಡಿಯೋ ಜಾಗ, ಹಳಗನ್ನಡದ 'ಕಳ'ಕ್ಕೂ ಇದಕ್ಕೂ ನಂಟಿದೆ, ಆ ಕಳ ಅಂದ್ರೆ ಯುದ್ಧಭೂಮಿ ಅಂತಾನೂ ಇತ್ತು. ತಮಿಳಿನ 'ಕಳಂ' ಕೂಡ ಹಾಗೇನೇ, ಎರಡೂ ಅರ್ಥ. ತೆನೆ ತುಳಿಸೋ ನೆಲ, ಹೆಣ ಬೀಳೋ ನೆಲ ಎರಡಕ್ಕೂ ಒಂದೇ ಮಾತು ನೋಡಿ, ನನಗಂತೂ ಇದು ಎದೆ ಝಲ್ ಅನ್ಸುತ್ತೆ.

ನಿಜವಾದ ರಣರಂಗ ನೋಡ್ಬೇಕಂದ್ರೆ ವೀರಗಲ್ಲು ನೋಡಿ. ಬೇಗೂರಿನ ನಾಗೇಶ್ವರ ದೇವಸ್ಥಾನದ ಹತ್ರ ಇರೋ ಸುಮಾರು 890ರ ಶಾಸನದಲ್ಲಿ 'ಬೆಂಗಳೂರು ಕಾಳಗ'ದಲ್ಲಿ ಸತ್ತವನ ಸುದ್ದಿ ಇದೆ, ಬೆಂಗಳೂರು ಅನ್ನೋ ಹೆಸರು ನಮಗೆ ಸಿಕ್ಕಿದ್ದೇ ಒಂದು ಸಾವಿನ ಜೊತೆ. ಎಷ್ಟೋ ವೀರಗಲ್ಲಲ್ಲಿ ಕೆಳಗಡೆ ಹೊಡೆದಾಟ, ಮಧ್ಯದಲ್ಲಿ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗ್ತಿರ್ತಾರೆ, ಮೇಲೆ ಶಿವಲಿಂಗ, ಅಂದ್ರೆ ರಕ್ತದ ನೆಲವನ್ನ ರೂಪಕ ಮಾಡೋ ಕೆಲಸ ಆ ಕಲ್ಲಲ್ಲೇ ಶುರುವಾಗಿತ್ತು.

ಹಳಗನ್ನಡದ ಕವಿ ರನ್ನ ಇನ್ನೂ ಮುಂದೆ ಹೋದ, 'ಗದಾಯುದ್ಧ' ಕಾವ್ಯದಲ್ಲಿ ತನ್ನ ದೊರೆ ಚಾಲುಕ್ಯ ಸತ್ಯಾಶ್ರಯನನ್ನೇ ಭೀಮನಿಗೆ ಹೋಲಿಸಿದ, ಅದು ಪಕ್ಕಾ ರಾಜಕೀಯ. ಆದ್ರೆ ದುರ್ಯೋಧನ ಹೆಣಗಳ ಮಧ್ಯೆ ನಡ್ಕೊಂಡು ಹೋಗ್ತಾ ತಮ್ಮ ದುಶ್ಶಾಸನ, ಗೆಳೆಯ ಕರ್ಣನ ಹೆಣ ಕಂಡು ಅಳೋ ಭಾಗದಲ್ಲಿ ಹೊಗಳಿಕೆ ಎಲ್ಲಾ ಮರ್ತೇ ಹೋಗುತ್ತೆ, ಬರೀ ದುಃಖ.

ಇವತ್ತು 'ಕಣದಲ್ಲಿ ಉಳಿದ ಅಭ್ಯರ್ಥಿಗಳು' ಅಂತ ಪೇಪರ್‌ನಲ್ಲಿ ಓದುವಾಗ ಆ ಹೆಣಗಳು ಯಾರಿಗೂ ನೆನಪಾಗಲ್ಲ.